ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಭೂಮಿಯ ‘ಅವಳಿ’ ಕಟ್ಟಲು ಹೊರಟ ರಿಚರ್ಡ್‌ಸನ್

ಮಳೆಗಾಲ ಬಂತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡತೊಡಗುತ್ತದೆ. ನೀಲಿ ಭೂಗೋಳ ತಿರುಗುತ್ತಿರುತ್ತದೆ. ಅದರ ಮೇಲೆ ಕೆಂಪು, ಹಳದಿ ಬಣ್ಣದ ಸುಳಿಯೊಂದು ಕರಾವಳಿಯ ಕಡೆ ನುಗ್ಗಿ ಬರುತ್ತದೆ. ಇನ್ನು ಮೂರು ದಿನದಲ್ಲಿ ಭಾರಿ ಪ್ರಳಯ, ಎಐ ಖಚಿತಪಡಿಸಿದೆ ಎಂಬ ಸಾಲು ಕೆಳಗಿರುತ್ತದೆ. ಇತ್ತೀಚೆಗೆ ಇದಕ್ಕೆ ಇನ್ನೊಂದು ಮಾತೂ ಸೇರಿಕೊಂಡಿದೆ: ಇಡೀ ಭೂಮಿಯ ‘ಡಿಜಿಟಲ್ ಟ್ವಿನ್’ ಸಿದ್ಧವಾಗಿದೆ, ಇನ್ನು ಮುಂದೆ ಮಳೆ, ಗಾಳಿ, ಪ್ರವಾಹ ಎಲ್ಲವೂ ಮೊದಲೇ ಗೊತ್ತಾಗುತ್ತದೆ ಎಂದು.

ಡಿಜಿಟಲ್ ಟ್ವಿನ್ ಎಂಬುದು ನಿಜವಾದ ತಂತ್ರಜ್ಞಾನ. ಭೂಮಿಯ ಅವಳಿಯನ್ನು ಕಟ್ಟುವ ಕೆಲಸವೂ ನಡೆಯುತ್ತಿದೆ. ಆದರೆ ಅದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ತಪ್ಪೇ ಮಾಡದ ಯಂತ್ರವೂ ಅಲ್ಲ. ಈ ಎರಡೂ ವಿಷಯ ಅರ್ಥವಾಗಬೇಕಾದರೆ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿಯ ಬದುಕನ್ನು ನೋಡಬೇಕು. ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥವಿದ್ದ ಕಾಲದಲ್ಲಿ ಅವರು ಇಡೀ ವಾತಾವರಣದ ಲೆಕ್ಕದ ಪ್ರತಿಯೊಂದನ್ನು ಮಾಡಲು ಹೊರಟಿದ್ದರು. ಮೊದಲ ಪ್ರಯತ್ನದಲ್ಲಿ ಘೋರವಾಗಿ ಸೋತರು. ಆ ಸೋಲನ್ನು ಅಂಕಿಅಂಶ ಸಮೇತ ಅಚ್ಚು ಹಾಕಿಸಿದರು.

ಡಿಜಿಟಲ್ ಅವಳಿ ಎಂದರೇನು?

ಒಂದು ಅಣೆಕಟ್ಟೆ, ಒಂದು ವಿಮಾನದ ಎಂಜಿನ್, ಒಂದು ನಗರದ ನೀರಿನ ಜಾಲ, ಹೀಗೆ ಯಾವುದಾದರೂ ನಿಜವಾದ ವ್ಯವಸ್ಥೆಯ ಪ್ರತಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಅದು ಬರೀ ಚಿತ್ರವಲ್ಲ. ನಿಜವಾದ ವಸ್ತುವಿನಲ್ಲಿರುವ ಸೆನ್ಸರ್‌ಗಳಿಂದ ಅದಕ್ಕೆ ಸತತವಾಗಿ ಮಾಹಿತಿ ಬರುತ್ತಿರುತ್ತದೆ. ಅಲ್ಲಿ ನೀರು ಏರಿದರೆ ಇಲ್ಲೂ ಏರುತ್ತದೆ. ಆಮೇಲೆ, ಗೇಟು ಈಗ ತೆರೆದರೆ ಏನಾಗುತ್ತದೆ, ನಾಳೆ ತೆರೆದರೆ ಏನಾಗುತ್ತದೆ ಎಂದು ಮೊದಲು ಪ್ರತಿಯ ಮೇಲೆ ಪ್ರಯೋಗಿಸಿ ನೋಡಬಹುದು.

ಇದಕ್ಕೆ ಇನ್ನೆರಡು ತಂತ್ರಜ್ಞಾನಗಳು ಜೊತೆಯಾಗಿವೆ. ರಾಶಿ ರಾಶಿ ಹಳೆಯ ದಾಖಲೆಗಳಲ್ಲಿರುವ ವಿನ್ಯಾಸಗಳನ್ನು ಕಲಿತು ಬೇಗ ಅಂದಾಜು ಹೇಳುವುದು ಕೃತಕ ಬುದ್ಧಿಮತ್ತೆ, ಅಂದರೆ ಎಐ. ಕಣ್ಣಿಗೆ ಕನ್ನಡಕದಂಥ ಸಾಧನ ಹಾಕಿಕೊಂಡು ಆ ಪ್ರತಿಯ ಒಳಗೇ ನಿಂತು ನೋಡುವ ಅನುಭವ ಕೊಡುವುದು ಎಕ್ಸ್‌ಟೆಂಡೆಡ್ ರಿಯಾಲಿಟಿ, ಚಿಕ್ಕದಾಗಿ ಎಕ್ಸ್‌ಆರ್. ನೂರಾರು ಅಂಶಗಳು ಒಂದನ್ನೊಂದು ಎಳೆದಾಡುವ ಜಟಿಲ ವ್ಯವಸ್ಥೆಗಳನ್ನು ನಿಭಾಯಿಸಲು ಈ ಮೂರನ್ನೂ ಒಟ್ಟಿಗೆ ಬಳಸುತ್ತಾರೆ.

ಮೈಕೆಲ್ ಗ್ರೀವ್ಸ್ ಎಂಬವರು 2002ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಾರ್ಖಾನೆಯ ಉತ್ಪನ್ನಗಳ ಸಂದರ್ಭದಲ್ಲಿ ಈ ಕಲ್ಪನೆಯನ್ನು ಮಂಡಿಸಿದರು. ‘ಡಿಜಿಟಲ್ ಟ್ವಿನ್’ ಎಂಬ ಹೆಸರು ನಾಸಾದ ಮೂಲಕ ಆಮೇಲೆ ಬಂತು. ಆದರೆ ಹೆಸರಿಗಿಂತ ವಿಚಾರ ತುಂಬ ಹಳೆಯದು.

ಅಣೆಕಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿದ್ದು

ರಿಚರ್ಡ್‌ಸನ್ ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆಯದು ಚರ್ಮ ಹದ ಮಾಡುವ ಉದ್ಯಮ. ಮನೆತನ ಕ್ವೇಕರ್ ಪಂಥದ್ದು. ಯುದ್ಧದಲ್ಲಿ ಆಯುಧ ಹಿಡಿಯಬಾರದು ಎಂಬುದು ಈ ಪಂಥದ ಮುಖ್ಯ ನಂಬಿಕೆಗಳಲ್ಲಿ ಒಂದು. ಇದು ಅವರ ಬದುಕಿನ ದಿಕ್ಕನ್ನೇ ಹಲವು ಸಲ ಬದಲಿಸಿತು.

ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿ 1903ರಲ್ಲಿ ಪದವಿ ಪಡೆದ ಮೇಲೆ ಅವರು ಒಂದೇ ಕಡೆ ನಿಲ್ಲಲಿಲ್ಲ. ರಾಷ್ಟ್ರೀಯ ಭೌತ ಪ್ರಯೋಗಾಲಯ, ಕಾಲೇಜು, ಬಲ್ಬ್ ತಯಾರಿಸುವ ಕಂಪನಿ, ಹೀಗೆ ಕೆಲಸ ಬದಲಾಗುತ್ತಲೇ ಇತ್ತು. ನಡುವೆ ಪೀಟ್ ಉದ್ಯಮದಲ್ಲೂ ಸ್ವಲ್ಪ ಕಾಲ ಇದ್ದರು. ಪೀಟ್ ಎಂದರೆ ಜೌಗು ನೆಲದಿಂದ ಅಗೆದು ಒಣಗಿಸಿ ಉರುವಲಾಗಿ ಬಳಸುವ ಮಣ್ಣು. ಆ ನೆಲದಿಂದ ನೀರು ಬಸಿದುಹೋಗಲು ಕಾಲುವೆಗಳನ್ನು ಎಲ್ಲೆಲ್ಲಿ ತೋಡಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ನೀರಿನ ಹರಿವನ್ನು ವಿವರಿಸುವ ಸಮೀಕರಣಗಳು ಗೊತ್ತಿದ್ದವು, ಆದರೆ ಅವನ್ನು ನೇರವಾಗಿ ಬಿಡಿಸಲು ಆಗುತ್ತಿರಲಿಲ್ಲ.

ರಿಚರ್ಡ್‌ಸನ್ ಒಂದು ಅಡ್ಡದಾರಿ ಕಂಡುಕೊಂಡರು. ಇಡೀ ಜಾಗವನ್ನು ಚದುರಂಗದ ಹಾಸಿನಂತೆ ಸಣ್ಣ ಸಣ್ಣ ಮನೆಗಳಾಗಿ ವಿಂಗಡಿಸುವುದು. ಪ್ರತಿ ಮನೆಗೂ ಒಂದು ಸಂಖ್ಯೆ ಕೊಟ್ಟು, ಅಕ್ಕಪಕ್ಕದ ಮನೆಗಳ ಸಂಖ್ಯೆ ನೋಡಿಕೊಂಡು ಕೂಡುವುದು, ಕಳೆಯುವುದು, ಗುಣಿಸುವುದು. ಉತ್ತರ ಪಕ್ಕಾ ಬರದಿದ್ದರೂ ಹತ್ತಿರಕ್ಕೆ ಬರುತ್ತದೆ. 1910ರ ಸುಮಾರಿಗೆ ಇದೇ ವಿಧಾನವನ್ನು ಈಜಿಪ್ಟಿನ ಆಸ್ವಾನ್‌ನ ಹಳೆಯ ಕಲ್ಲಿನ ಅಣೆಕಟ್ಟೆಗೆ ಅನ್ವಯಿಸಿ, ನೀರಿನ ಭಾರಕ್ಕೆ ಕಟ್ಟಡದ ಯಾವ ಭಾಗದಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎಂದು ಲೆಕ್ಕ ಹಾಕಿದರು. ಲೆಕ್ಕ ಮಾಡಲು ಹುಡುಗರನ್ನು ಇಟ್ಟುಕೊಂಡು ಮಾಡಿದ ಲೆಕ್ಕಕ್ಕೆ ಇಷ್ಟು ಎಂದು ಕಾಸು ಕೊಡುತ್ತಿದ್ದರು. ತಪ್ಪು ಮಾಡಿದ್ದನ್ನು ಎಣಿಕೆಯಿಂದ ಬಿಡುತ್ತಿದ್ದರು.

ಇಂದು ಅಣೆಕಟ್ಟೆ, ಸೇತುವೆ, ಎಂಜಿನ್‌ಗಳ ಡಿಜಿಟಲ್ ಅವಳಿಗಳು ಒಳಗೊಳಗೆ ಮಾಡುವ ಕೆಲಸ ಬಹುಪಾಲು ಇದೇ: ದೊಡ್ಡದನ್ನು ಸಣ್ಣ ಮನೆಗಳಾಗಿ ಒಡೆದು, ನೆರೆಮನೆಗಳ ಲೆಕ್ಕ ನೋಡಿಕೊಂಡು ಮುಂದುವರಿಯುವುದು.

1912ರ ಏಪ್ರಿಲ್ 15ರಂದು ಟೈಟಾನಿಕ್ ಹಡಗು ಮುಳುಗಿತು. ಕೆಲವೇ ದಿನಗಳಲ್ಲಿ ರಿಚರ್ಡ್‌ಸನ್ ಮಂಜುಗಡ್ಡೆಯನ್ನು ಪ್ರತಿಧ್ವನಿಯಿಂದ ಪತ್ತೆಹಚ್ಚುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮೊದಲು ಗಾಳಿಯಲ್ಲಿ ಸಾಗುವ ಶಬ್ದ, ಮುಂದಿನ ತಿಂಗಳು ನೀರಿನಲ್ಲಿ ಸಾಗುವ ಶಬ್ದ. ಅದನ್ನು ಮಾರಾಟಕ್ಕೆ ತರುವ ಕೆಲಸಕ್ಕೆ ಅವರು ಕೈಹಾಕಲಿಲ್ಲ. ಮುಂದೆ ಸೋನಾರ್ ಎಂದು ಹೆಸರಾದ ತಂತ್ರದ ಹಿಂದಿರುವುದು ಇದೇ ವಿಚಾರ.

ಹುಲ್ಲಿನ ಮೆದೆಯ ಮೇಲೆ ಹವಾಮಾನದ ಲೆಕ್ಕ

1913ರಲ್ಲಿ ಅವರು ಬ್ರಿಟಿಷ್ ಹವಾಮಾನ ಇಲಾಖೆ ಸೇರಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮುಖ್ಯಸ್ಥರಾದರು. ಆಗ ಹವಾಮಾನ ಹೇಳುವ ಕ್ರಮ ಹೀಗಿತ್ತು: ಇಂದಿನ ನಕ್ಷೆಯನ್ನು ಹಳೆಯ ನಕ್ಷೆಗಳ ಪಕ್ಕ ಇಟ್ಟು, ಹಿಂದೆ ಹೀಗಿದ್ದಾಗ ಮರುದಿನ ಏನಾಗಿತ್ತು ಎಂದು ನೋಡಿ ಅಂದಾಜು ಮಾಡುವುದು. ರಿಚರ್ಡ್‌ಸನ್‌ಗೆ ಇದು ಸಮಾಧಾನ ಕೊಡಲಿಲ್ಲ. ಗಾಳಿ, ಶಾಖ, ತೇವ ಎಲ್ಲವೂ ಭೌತವಿಜ್ಞಾನದ ನಿಯಮದಂತೆ ನಡೆಯುತ್ತವೆ. ಹಾಗಿದ್ದರೆ ಅಣೆಕಟ್ಟೆಯಂತೆಯೇ ವಾತಾವರಣವನ್ನೂ ಮನೆಗಳಾಗಿ ಒಡೆದು ನಾಳಿನ ಸ್ಥಿತಿಯನ್ನು ಲೆಕ್ಕ ಹಾಕಬಹುದಲ್ಲ ಎಂಬುದು ಅವರ ಯೋಚನೆ. ಈ ದಿಕ್ಕಿನಲ್ಲಿ ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಆಗಲೇ ದಾರಿ ತೋರಿಸಿದ್ದರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬಂದೂಕು ಹಿಡಿಯಲು ಅವರ ಮನಸ್ಸು ಒಪ್ಪಲಿಲ್ಲ. ಯುದ್ಧದ ನೋವಿನಿಂದ ದೂರ ಕುಳಿತಿರಲೂ ಒಪ್ಪಲಿಲ್ಲ. 1916ರಲ್ಲಿ ಕೆಲಸ ಬಿಟ್ಟು ಕ್ವೇಕರ್‌ಗಳ ಆಂಬುಲೆನ್ಸ್ ಪಡೆ ಸೇರಿ ಫ್ರಾನ್ಸಿಗೆ ಹೋದರು. 1919ರವರೆಗೆ ಅಲ್ಲಿ ಫ್ರೆಂಚ್ ಸೈನ್ಯದ ಗಾಯಾಳುಗಳನ್ನು ಸಾಗಿಸುವ ವಾಹನ ಓಡಿಸಿದರು.

ಹಸ್ತಪ್ರತಿ ಅವರ ಜೊತೆಗೇ ಹೋಗಿತ್ತು. ಬಿಡುವಿನ ಹೊತ್ತಿನಲ್ಲಿ, ಚಳಿ ಕೊರೆಯುವ ತಂಗುದಾಣದಲ್ಲಿ, ಹುಲ್ಲಿನ ಮೆದೆಯ ಮೇಲೆ ಕುಳಿತು ಒಂದು ಪರೀಕ್ಷೆ ನಡೆಸಿದರು. ಮುಂದೆ ನಡೆಯುವುದನ್ನಲ್ಲ, ಆಗಲೇ ನಡೆದುಹೋದ ಒಂದು ದಿನದ ಹವಾಮಾನವನ್ನು ಲೆಕ್ಕದಿಂದ ಹೇಳುವ ಪರೀಕ್ಷೆ. ಉತ್ತರ ಮೊದಲೇ ಗೊತ್ತಿದ್ದರೆ ಲೆಕ್ಕ ಸರಿಯೋ ತಪ್ಪೋ ತಿಳಿಯುತ್ತದಲ್ಲ! ಬ್ಯರ್ಕ್‌ನೆಸ್ ಅವರ ನಕ್ಷೆಗಳಲ್ಲಿ ಒಳ್ಳೆಯ ಮಾಹಿತಿ ಸಿಕ್ಕಿದ್ದ 1910ರ ಮೇ 20ನ್ನು ಆರಿಸಿಕೊಂಡರು. ಮಧ್ಯ ಯುರೋಪನ್ನು ಸುಮಾರು 200 ಕಿ.ಮೀ. ಅಳತೆಯ ಮನೆಗಳಾಗಿ, ಎತ್ತರದಲ್ಲಿ ಐದು ಪದರಗಳಾಗಿ ಒಡೆದರು. ಆರು ಗಂಟೆಗಳಲ್ಲಿ ವಾಯುವಿನ ಒತ್ತಡ ಎಷ್ಟು ಬದಲಾಗುತ್ತದೆ ಎಂದು ಕೈಯಿಂದಲೇ ಲೆಕ್ಕ ಹಾಕಿದರು.

1917ರ ವಸಂತದ ಕಾಳಗದ ಹೊತ್ತಿನಲ್ಲಿ ಸುರಕ್ಷಿತವಾಗಿರಲಿ ಎಂದು ಹಿಂದಕ್ಕೆ ಕಳುಹಿಸಿದ ಹಸ್ತಪ್ರತಿ ಕಳೆದೇ ಹೋಯಿತು. ಎಷ್ಟೋ ತಿಂಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು.

145: ಅಚ್ಚಾದ ತಪ್ಪು

ಲೆಕ್ಕದ ಉತ್ತರ ಹೀಗೆ ಬಂತು: ಆರು ಗಂಟೆಗಳಲ್ಲಿ ಒತ್ತಡ 145 ಹೆಕ್ಟೊಪಾಸ್ಕಲ್ ಏರಬೇಕು. ಇದೆಷ್ಟು ಅಸಂಬದ್ಧ ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಸಮುದ್ರ ಮಟ್ಟದಲ್ಲಿ ವಾಯುವಿನ ಸರಾಸರಿ ಒತ್ತಡ ಸುಮಾರು 1013 ಹೆಕ್ಟೊಪಾಸ್ಕಲ್. ಭೀಕರ ಚಂಡಮಾರುತದ ಕಣ್ಣಿನಲ್ಲಿ ಕೂಡ ಅದು 900ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಆ ದಿನ ನಿಜವಾಗಿ ನಡೆದದ್ದೇನು? ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಆ ಅಧ್ಯಾಯವನ್ನು ಕೈಬಿಡುತ್ತಿದ್ದರೇನೋ. 1922ರಲ್ಲಿ ಕೇಂಬ್ರಿಜ್ ಮುದ್ರಣಾಲಯದಿಂದ ಪುಸ್ತಕ ಹೊರಬಂದಾಗ ಅದರಲ್ಲಿ ಈ ತಪ್ಪು ಉತ್ತರ ಇತ್ತು, ಅದಕ್ಕೆ ತಲುಪಿದ ಪ್ರತಿ ಹೆಜ್ಜೆಯೂ ಇತ್ತು. ಆರಂಭದಲ್ಲಿ ಹಾಕಿದ ಗಾಳಿಯ ಅಳತೆಗಳಲ್ಲೇ ದೋಷ ಇರಬೇಕು ಎಂಬ ತಮ್ಮ ಅನುಮಾನವನ್ನೂ ಅವರು ಬರೆದರು.

ಹೆಜ್ಜೆ ಹೆಜ್ಜೆಯನ್ನೂ ಬರೆದಿಟ್ಟದ್ದರಿಂದ ಮುಂದಿನವರಿಗೆ ಅದನ್ನು ಪರಿಶೀಲಿಸಲು ಸಾಧ್ಯವಾಯಿತು. ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ಅವರಿಗೆ ಕಂಡದ್ದು ಇದು: ರಿಚರ್ಡ್‌ಸನ್ ವಿಧಾನದ ತಿರುಳು ಸರಿಯಿತ್ತು. ಆರಂಭದ ಮಾಹಿತಿಯಲ್ಲಿ ಗಾಳಿಯ ಅಳತೆಗೂ ಒತ್ತಡದ ಅಳತೆಗೂ ಹೊಂದಾಣಿಕೆ ಇರಲಿಲ್ಲ. ಆ ಸಣ್ಣ ಅಸಮತೋಲನ ಲೆಕ್ಕದೊಳಗೆ ದೊಡ್ಡ ಅಲೆಗಳನ್ನು ಎಬ್ಬಿಸಿತ್ತು. ಕೊಳದ ನೀರಿನ ಮಟ್ಟ ಅಳೆಯಲು ಹೋದವರು ಕಲ್ಲು ಬಿದ್ದ ಕ್ಷಣದಲ್ಲೇ ಅಳತೆ ತೆಗೆದ ಹಾಗೆ. ಮೊದಲ ಮಾಹಿತಿಯನ್ನು ಸೋಸಿ ಸಮತೋಲನಕ್ಕೆ ತಂದ ಮೇಲೆ, ಅದೇ ವಿಧಾನ 145ರ ಬದಲು ಸುಮಾರು 1 ಹೆಕ್ಟೊಪಾಸ್ಕಲ್ ಬದಲಾವಣೆ ತೋರಿಸಿತು. ವಾಸ್ತವಕ್ಕೆ ಅದು ತೀರ ಹತ್ತಿರ.

ಎಷ್ಟೇ ಜಾಣ ಅವಳಿಯಾದರೂ ಅದಕ್ಕೆ ಊಡಿಸುವ ಮಾಹಿತಿ ಕೆಟ್ಟಿದ್ದರೆ ಉತ್ತರವೂ ಕೆಡುತ್ತದೆ. ಅದು ಕೆಟ್ಟಿದೆ ಎಂದು ಗೊತ್ತಾಗುವುದು ನಿಜವಾದ ಜಗತ್ತಿನ ಅಳತೆಯ ಪಕ್ಕ ಇಟ್ಟು ನೋಡಿದಾಗ ಮಾತ್ರ.

64,000 ಜನರ ಸಭಾಂಗಣ

ಅದೇ ಪುಸ್ತಕದಲ್ಲಿ ರಿಚರ್ಡ್‌ಸನ್ ಒಂದು ಕಲ್ಪನೆಯ ಚಿತ್ರವನ್ನೂ ಬರೆದಿದ್ದಾರೆ. ನಾಟಕ ಶಾಲೆಯಂಥ ದೊಡ್ಡ ಗೋಲಾಕಾರದ ಸಭಾಂಗಣ. ಒಳಗೋಡೆಯ ತುಂಬ ಭೂಮಿಯ ನಕ್ಷೆ. ಚಾವಣಿಯಲ್ಲಿ ಉತ್ತರ ಧ್ರುವ, ತಳದಲ್ಲಿ ದಕ್ಷಿಣ ಧ್ರುವ. ಸುತ್ತಲಿನ ಅಂತಸ್ತುಗಳಲ್ಲಿ 64,000 ಜನ ಕುಳಿತು, ತಮ್ಮ ಮುಂದಿನ ನಕ್ಷೆಯ ತುಂಡಿನ ಹವಾಮಾನವನ್ನು ಲೆಕ್ಕ ಹಾಕುತ್ತಾರೆ. ಅವರ ಉತ್ತರಗಳು ಸಣ್ಣ ಬೆಳಕಿನ ಫಲಕಗಳಲ್ಲಿ ಮೂಡುತ್ತವೆ, ನೆರೆಯವರು ಅದನ್ನು ಓದಿ ತಮ್ಮ ಲೆಕ್ಕ ಮುಂದುವರಿಸುತ್ತಾರೆ. ನಡುವೆ ಎತ್ತರದ ಕಂಬದ ಮೇಲೆ ಒಬ್ಬ ಮೇಲ್ವಿಚಾರಕ. ಯಾರ ಲೆಕ್ಕ ಮುಂದೆ ಓಡುತ್ತಿದೆಯೋ ಅವರ ಮೇಲೆ ಕೆಂಬಣ್ಣದ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಬಿಟ್ಟು ಎಲ್ಲರನ್ನೂ ಒಂದೇ ವೇಗದಲ್ಲಿ ಇಡುವುದು ಅವನ ಕೆಲಸ. ಸಿದ್ಧವಾದ ಮುನ್ಸೂಚನೆ ಅಲ್ಲಿಂದ ರೇಡಿಯೊ ಕೇಂದ್ರಕ್ಕೆ ಹೋಗುತ್ತದೆ. ಹೊರಗೆ ಆಟದ ಬಯಲು, ಬೆಟ್ಟ, ಕೆರೆ. ಹವಾಮಾನವನ್ನು ಲೆಕ್ಕ ಹಾಕುವವರು ಅದೇ ಹವಾಮಾನದಲ್ಲಿ ಆರಾಮವಾಗಿ ಉಸಿರಾಡಲಿ ಎಂಬುದು ಅವರ ಆಸೆ.

ಇಂದಿನ ಕಣ್ಣಿಂದ ನೋಡಿದರೆ ಇಲ್ಲಿ ಬಹಳಷ್ಟು ಗುರುತು ಸಿಗುತ್ತದೆ. ಸಾವಿರಾರು ಜನ ಒಟ್ಟಿಗೆ ಲೆಕ್ಕ ಮಾಡುವುದು ಇಂದಿನ ಸೂಪರ್‌ಕಂಪ್ಯೂಟರಿನ ಕ್ರಮ. ಭೂಮಿಯ ಒಳಗೇ ನಿಂತಂತೆ ಕಾಣುವ ಗೋಡೆ ಇಂದಿನ ಎಕ್ಸ್‌ಆರ್ ಕೊಠಡಿಯನ್ನು ನೆನಪಿಸುತ್ತದೆ. ರಿಚರ್ಡ್‌ಸನ್ ಡಿಜಿಟಲ್ ಟ್ವಿನ್ ಎಂಬ ಪದ ಕೇಳಿರಲಿಲ್ಲ, ಅವರ ಬಳಿ ಯಂತ್ರವೂ ಇರಲಿಲ್ಲ. ಆದರೆ ವಿಚಾರದ ಅಸ್ಥಿಪಂಜರ ಅಲ್ಲಿತ್ತು.

ವಿಷಾನಿಲದ ನೆರಳು

ಯುದ್ಧ ಮುಗಿದ ಮೇಲೆ ಅವರು ಹವಾಮಾನ ಇಲಾಖೆಗೆ ಮರಳಿದರು. 1920ರಲ್ಲಿ ಆ ಇಲಾಖೆಯನ್ನು ವಾಯುಪಡೆಯ ಸಚಿವಾಲಯಕ್ಕೆ ಸೇರಿಸಲಾಯಿತು. ಸೈನ್ಯದ ಅಡಿಯಲ್ಲಿ ಕೆಲಸ ಮಾಡಲು ಒಪ್ಪದೆ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ತಮಗೆ ಅತಿ ಪ್ರಿಯವಾದ ಕೆಲಸವನ್ನು ಬಿಟ್ಟು ಲಂಡನ್ನಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳಲು ಹೋದರು.

ಅಲ್ಲೂ ಗಾಳಿಯ ಸುಳಿಗಳ ಅಧ್ಯಯನ ಮುಂದುವರಿಯಿತು. ಗಾಳಿ ಯಾವಾಗ ಪ್ರಕ್ಷುಬ್ಧವಾಗುತ್ತದೆ ಎಂದು ಹೇಳುವ ಅಳತೆಗೆ ಇಂದಿಗೂ ‘ರಿಚರ್ಡ್‌ಸನ್ ಸಂಖ್ಯೆ’ ಎಂದೇ ಹೆಸರು. ನಿಮ್ಮ ವಿಮಾನ ಮೋಡವಿಲ್ಲದ ಆಕಾಶದಲ್ಲೂ ಕುಲುಕಬಹುದೇ ಎಂದು ಅಂದಾಜು ಮಾಡುವಾಗ ಅದು ಬಳಕೆಯಾಗುತ್ತದೆ. 1926ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೊ ಆದರು. ಆದರೆ ಈ ಸಂಶೋಧನೆಯಲ್ಲಿ ಹೆಚ್ಚು ಆಸಕ್ತಿ ತೋರುತ್ತಿದ್ದವರು ವಿಷಾನಿಲದ ಪರಿಣತರು ಎಂದು ಅವರಿಗೆ ತಿಳಿಯಿತು. ವಿಷಾನಿಲ ಹೇಗೆ ಹರಡುತ್ತದೆ ಎಂದು ತಿಳಿಯಲು ಗಾಳಿಯ ಸುಳಿಗಳ ಜ್ಞಾನ ಬೇಕಲ್ಲ. ಅವರು ಹವಾಮಾನ ಸಂಶೋಧನೆ ನಿಲ್ಲಿಸಿದರು. ಪ್ರಕಟವಾಗದೆ ಉಳಿದಿದ್ದ ಬರಹಗಳನ್ನು ನಾಶ ಮಾಡಿದರು ಎಂದು ಪತ್ನಿ ಡೊರೊತಿ ಆಮೇಲೆ ತಿಳಿಸಿದ್ದಾರೆ.

ಜಟಿಲ ವ್ಯವಸ್ಥೆಯೊಂದರ ಪ್ರತಿ ಕೈಯಲ್ಲಿದ್ದರೆ ಅದನ್ನು ಜೀವ ಉಳಿಸಲೂ ಬಳಸಬಹುದು, ತೆಗೆಯಲೂ ಬಳಸಬಹುದು. ನಗರಗಳ, ಜನರ ಓಡಾಟದ ಅವಳಿಗಳನ್ನು ಕಟ್ಟುತ್ತಿರುವ ಈ ಕಾಲದಲ್ಲೂ ಆ ಪ್ರಶ್ನೆ ಹಾಗೆಯೇ ಇದೆ.

ಮುಂದೆ ಅವರು ತಮ್ಮ ಗಣಿತವನ್ನು ಯುದ್ಧದ ವಿರುದ್ಧವೇ ತಿರುಗಿಸಿದರು. ವಯಸ್ಸು ಐವತ್ತರ ಹತ್ತಿರ ಬಂದಾಗ ಮನಃಶಾಸ್ತ್ರದಲ್ಲಿ ಪದವಿ ಪಡೆದರು. ಎರಡು ದೇಶಗಳು ಒಂದಕ್ಕೊಂದು ಹೆದರಿ ಶಸ್ತ್ರಾಸ್ತ್ರ ಹೆಚ್ಚಿಸಿಕೊಳ್ಳುವುದನ್ನು ಸಮೀಕರಣಗಳಲ್ಲಿ ಬರೆದರು. ನೆರೆಯ ದೇಶಗಳ ಗಡಿಯ ಉದ್ದಕ್ಕೂ ಯುದ್ಧಕ್ಕೂ ಸಂಬಂಧ ಇದೆಯೇ ಎಂದು ನೋಡಲು ಹೋಗಿ ಒಂದು ವಿಚಿತ್ರ ಕಂಡರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿ.ಮೀ. ಎಂದೂ ಇನ್ನೊಂದು ಕಡೆ 1,214 ಕಿ.ಮೀ. ಎಂದೂ ಬರೆದಿತ್ತು. ಅಳೆಯುವ ಕೋಲು ಚಿಕ್ಕದಾದಷ್ಟೂ ಅಂಕುಡೊಂಕುಗಳು ಹೆಚ್ಚು ಸಿಕ್ಕಿ ಉದ್ದ ಬೆಳೆಯುತ್ತದೆ ಎಂಬುದು ಕಾರಣ. ಈ ಕೆಲಸವನ್ನು ಮುಂದೆ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎತ್ತಿಕೊಂಡರು, ಫ್ರ್ಯಾಕ್ಟಲ್ ಗಣಿತ ಬೆಳೆಯಿತು.

ಡೊರೊತಿ ಕೊಟ್ಟ ತೀರ್ಪು

1950ರಲ್ಲಿ ಅಮೆರಿಕದಲ್ಲಿ ಜೂಲ್ ಚಾರ್ನಿ, ಜಾನ್ ಫಾನ್ ನಾಯ್ಮನ್ ಮತ್ತು ಸಂಗಡಿಗರು ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕ ನಡೆಸಿದರು. 24 ಗಂಟೆಗಳ ಮುನ್ಸೂಚನೆಗೆ ಸುಮಾರು 24 ಗಂಟೆಗಳೇ ಹಿಡಿದವು. ಆದರೂ ಉತ್ತರ ನಂಬುವ ಹಾಗಿತ್ತು. ಚಾರ್ನಿ ಅದನ್ನು ರಿಚರ್ಡ್‌ಸನ್‌ಗೆ ಕಳುಹಿಸಿದರು.

ರಿಚರ್ಡ್‌ಸನ್ ಅಭಿನಂದಿಸಿದರು, ಜೊತೆಗೆ ಒಂದು ಪರೀಕ್ಷೆಯನ್ನೂ ಮಾಡಿದರು. ಮೊದಲ ದಿನದ ನಕ್ಷೆ, ಕಂಪ್ಯೂಟರ್ ಹೇಳಿದ ಮರುದಿನದ ನಕ್ಷೆ, ನಿಜವಾಗಿ ನಡೆದ ಮರುದಿನದ ನಕ್ಷೆ, ಈ ಮೂರನ್ನೂ ಡೊರೊತಿಯ ಮುಂದೆ ಇಟ್ಟರು. ನಿಜವಾದದ್ದಕ್ಕೆ ಹೆಚ್ಚು ಹೋಲುವುದು ಯಾವುದು ಎಂದು ಕೇಳಿದರು. ನಾಳೆಯೂ ಇವತ್ತಿನಂತೆಯೇ ಇರುತ್ತದೆ ಎನ್ನುವುದಕ್ಕಿಂತ ಕಂಪ್ಯೂಟರ್ ಮೇಲಾಗಿದೆಯೇ ಎಂಬುದು ಅದರ ಅರ್ಥ. ಡೊರೊತಿಯ ತೀರ್ಪುಗಳ ಸರಾಸರಿ ಕಂಪ್ಯೂಟರಿನ ಪರವಾಗಿ ಬಂತು, ಆದರೆ ತುಸುವೇ ತುಸು. ತಮ್ಮ ಕನಸು ನನಸಾಗುವ ಹೊತ್ತಿನಲ್ಲೂ ಅವರು ಪರೀಕ್ಷೆಯನ್ನು ಬಿಟ್ಟುಕೊಡಲಿಲ್ಲ. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್ ಎಂಬಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ಇಂದಿನ ಅವಳಿಯನ್ನು ಎಷ್ಟು ನಂಬಬೇಕು?

ಯುರೋಪಿನ ‘ಡೆಸ್ಟಿನೇಶನ್ ಅರ್ಥ್’ ಯೋಜನೆಯ ಮೊದಲ ಎರಡು ಅವಳಿಗಳು 2024ರ ಜೂನ್‌ನಲ್ಲಿ ಕೆಲಸ ಶುರು ಮಾಡಿದವು. ಒಂದು ತೀವ್ರ ಹವಾಮಾನಕ್ಕೆ, ಇನ್ನೊಂದು ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಯೋಜನೆಗಳಿಗೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 2025ರ ಮೇನಲ್ಲಿ ಬಳಕೆಗೆ ಬಂತು. ಅದರ ಒಂದೊಂದು ಮನೆಯ ಅಳತೆ ಸುಮಾರು 6 ಕಿ.ಮೀ. ರಿಚರ್ಡ್‌ಸನ್ ಅವರ 200 ಕಿ.ಮೀ. ಮನೆಗೆ ಇದನ್ನು ಹೋಲಿಸಿ ನೋಡಿ.

ಎಐ ಬಂದ ಮೇಲೆ ಈ ಭೌತವಿಜ್ಞಾನದ ಲೆಕ್ಕ ಬೇಡವಾಯಿತು ಎಂಬ ಮಾತು ಸರಿಯಲ್ಲ. ಗೂಗಲ್ ಡೀಪ್‌ಮೈಂಡ್‌ನ ‘ಗ್ರಾಫ್‌ಕಾಸ್ಟ್’ ಹತ್ತು ದಿನಗಳ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ, ನಿಜ. ಆದರೆ ಅದು ಕಲಿತದ್ದು ಸುಮಾರು 40 ವರ್ಷಗಳ ಹವಾಮಾನ ದಾಖಲೆಯಿಂದ. ಆ ದಾಖಲೆಯನ್ನು ಸಿದ್ಧಪಡಿಸಿದ್ದು ನಿಜವಾದ ಅಳತೆಗಳು ಮತ್ತು ರಿಚರ್ಡ್‌ಸನ್ ಪರಂಪರೆಯ ಲೆಕ್ಕ ಎರಡೂ ಸೇರಿ.

ಎಲ್ಲವೂ ಮೊದಲೇ ಗೊತ್ತಾಗುತ್ತದೆ ಎಂಬುದೂ ಸರಿಯಲ್ಲ. ಆರಂಭದ ಅಳತೆಯಲ್ಲಿ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಇದ್ದರೂ ಕೆಲ ದಿನಗಳಲ್ಲಿ ಹವಾಮಾನ ಬೇರೆಯೇ ದಾರಿ ಹಿಡಿಯಬಹುದು ಎಂದು ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿದರು. ಆದ್ದರಿಂದಲೇ ದೊಡ್ಡ ಕೇಂದ್ರಗಳು ಆರಂಭದ ಅಂಕಿಗಳನ್ನು ತುಸು ತುಸು ಬದಲಿಸಿ ಅದೇ ಲೆಕ್ಕವನ್ನು ಹತ್ತಾರು ಸಲ ಓಡಿಸುತ್ತವೆ. ಮಳೆಯ ಸಾಧ್ಯತೆ ಶೇ 60 ಎಂದು ಹೇಳುವುದು ಇಂಥ ಲೆಕ್ಕದಿಂದ. ಅದು ಅಜ್ಞಾನವಲ್ಲ, ಪ್ರಾಮಾಣಿಕತೆ.

ಇನ್ನು ಎಕ್ಸ್‌ಆರ್ ಮತ್ತು ತ್ರೀಡಿ ವಿಡಿಯೊಗಳ ವಿಷಯ. ನೀರು ಯಾವ ಬೀದಿಗೆ ನುಗ್ಗಬಹುದು ಎಂದು ಅಧಿಕಾರಿಗಳು ಒಳಗೆ ನಿಂತು ನೋಡಿದರೆ ನಿರ್ಧಾರ ಬೇಗ ಆಗುತ್ತದೆ. ಆದರೆ ಚಿತ್ರ ಸುಂದರವಾಗಿದೆ ಎಂದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ರಿಚರ್ಡ್‌ಸನ್ ಅವರ 145ನ್ನೂ ಇಂದು ಕಣ್ಣು ಕುಕ್ಕುವ ತ್ರೀಡಿ ಚಿತ್ರವಾಗಿ ತೋರಿಸಬಹುದು.

ಚಿತ್ರಕ್ಕಿಂತ ನೆಲದ ಮೇಲಿನ ಅಳತೆ ಮುಖ್ಯ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ತಾನಾಗಿ ಮಾಹಿತಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ನಿಮ್ಮೂರಿನಲ್ಲಿ ಬೇಲಿಯೊಳಗೆ ನಿಂತಿರುವ ಅಂಥ ಕಂಬವೊಂದಕ್ಕೆ ಕಲ್ಲು ಬಿದ್ದರೆ, ಅದರ ಸೌರಫಲಕ ಕಳುವಾದರೆ, ಕಳೆದುಹೋಗುವುದು ಮುನ್ಸೂಚನೆಯ ಕಣ್ಣುಗಳಲ್ಲಿ ಒಂದು.

ಮುಂದಿನ ಸಲ ಅಂಥ ವಿಡಿಯೊ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಉಪಗ್ರಹದ ಚಿತ್ರವೋ, ಕಂಪ್ಯೂಟರಿನ ಲೆಕ್ಕವೋ? ಯಾವ ದಿನದ ಮಾಹಿತಿ ಹಾಕಿ ಮಾಡಿದ್ದು? ಸಾಧ್ಯತೆ ಎಷ್ಟು ಎಂದು ಹೇಳಿದೆಯೇ, ಅಥವಾ ಖಚಿತ ಎಂದು ಕೂಗುತ್ತಿದೆಯೇ? ಇದನ್ನು ಮಾಡಿದವರ ಹಿಂದಿನ ಮುನ್ಸೂಚನೆ ಸರಿಯಾಗಿತ್ತೇ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ, ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆ ನೋಡಿ. ಅಲ್ಲಿ ಎಚ್ಚರಿಕೆ ಇದ್ದರೆ ಮಾತ್ರ ತಡಮಾಡದೆ ಎಲ್ಲರಿಗೂ ಕಳುಹಿಸಿ.